ಎಡಗಡೆಯ ಮುಂದಿನ ಚಕ್ರ

ಶರಾವತಿಗೆ ಅಂದಾಜು ಅನ್ನುವುದೇ ಆಗಿಬರುವುದಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಹೆಂಗಸು, ಸಾರಿಗೆ ಉಪ್ಪು ಹಾಕುವಾಗಲೂ ಚಮಚ ಹುಡುಕುವವಳು. ಅಂಥವಳು ಆ ಭಾನುವಾರ ಮಧ್ಯಾಹ್ನ, ಕಾರಿನ ನಟ್ಟಿಗೆ ಎಷ್ಟು ಬಲ ಬೀಳಬೇಕೋ ಅಷ್ಟೇ ಬೀಳಬೇಕು, ಅದಕ್ಕೆ ಅಳತೆಯಿರುವ ಟಾರ್ಕ್ ರೆಂಚೇ ಆಗಬೇಕು ಎಂದು ಹಟ ಹಿಡಿದು, ಶಿವಮೊಗ್ಗದ ರವೀಂದ್ರನಗರದ ಮನೆಯಿಂದ ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿದ್ದ ಮೆಕ್ಯಾನಿಕ್ ಗುರುವಿನ ಗ್ಯಾರೇಜಿಗೆ ಸ್ಕೂಟರ್ ಹತ್ತಿ ಹೊರಟಳು. ಹೋಗುವ ಮುಂಚೆ ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತೆ? ಹೇಳಲಿಲ್ಲ. ಗಂಡ ಮಧುಸೂದನ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದ, ಅತ್ತೆ ಒಳಗೆಲ್ಲೋ ಇದ್ದರು. ಹೀಗೆ ಹೋಗಿ ಹಾಗೆ ಬರುವುದಕ್ಕೆ ಯಾರನ್ನು ಎಬ್ಬಿಸುವುದು ಅಂದುಕೊಂಡಳು.

ಕಾರು ಅವಳದೇ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು, ವಿಡಿಯೋ ನೋಡಿ ನೋಡಿ ರಿಪೇರಿ ಕಲಿತು, ಜೀವ ತುಂಬಿದ್ದಳು. ಹಂಪು ಬಂದಲ್ಲೆಲ್ಲ ಹೊಟ್ಟೆ ಉಜ್ಜುವ ಇಂಥ ಗಾಡಿ ಯಾಕಮ್ಮಾ ನಿನಗೆ ಎಂದು ಬೀದಿಯಲ್ಲಿ ಕೇಳದವರಿಲ್ಲ. ಅತ್ತೆ ಸೀತಾಲಕ್ಷ್ಮಿ ಮಾತ್ರ ಕೇಳುವುದನ್ನೂ ಬಿಟ್ಟಿದ್ದರು. ಒಂದೇ ಒಂದು ಸಲ ಅದರಲ್ಲಿ ಕೂತಿದ್ದರು. ತಿರುವು ಬಂದಾಗಲೆಲ್ಲ ಕಾರು ಒಂದು ಮಗ್ಗುಲಿಗೆ ವಾಲಿ ವಾಲಿ, ಅವರಿಗೆ ತಲೆ ಸುತ್ತಿ, ರಸ್ತೆ ಬದಿಯಲ್ಲಿ ವಾಂತಿಯಾಗಿ, ಕೊನೆಗೆ ಆಟೋ ಹಿಡಿದು ಮನೆ ಸೇರಿದ್ದರು. ಅಲ್ಲಿಗೆ ಕಾರನ್ನು ದೂರ ಇಟ್ಟರು. ಸೊಸೆಯನ್ನು ದೂರ ಇಟ್ಟದ್ದು ಅದಕ್ಕೂ ಮುಂಚೆಯೇ. ಹಾಗಂತ ಜಗಳವೇನಿಲ್ಲ, ಕೂಗಾಟವಿಲ್ಲ. ಅವಳು ಬೀಗ ಹಾಕಿದರೆ ಇವರು ಹೋಗಿ ಜಗ್ಗಿ ನೋಡುವುದು, ಅವಳು ಗ್ಯಾಸ್ ಆರಿಸಿದರೆ ಇವರು ಹೋಗಿ ಗುಂಡಿ ತಿರುಗಿಸಿ ನೋಡುವುದು, ಅಷ್ಟೆ. ಬೈದರೆ ತಿರುಗಿ ಅನ್ನಬಹುದು. ಇದಕ್ಕೆ ಏನಂತ ಅನ್ನುವುದು? ಮದುವೆಯಾದಾಗಿನಿಂದ ಶರಾವತಿ ಒಳಗೊಳಗೇ ನವೆಯುತ್ತಿದ್ದಳು.

ಈ ಭಾನುವಾರ ಕಾರಿನ ಸ್ವೇ ಬಾರ್ ಬದಲಿಸುವ ಕೆಲಸ ಶುರುವಾಗಿದ್ದು ಅಲ್ಲಿಂದಲೇ. ಸ್ವೇ ಬಾರ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಕಾರಿನ ಹೊಟ್ಟೆಯಡಿ ಈ ಚಕ್ರದಿಂದ ಆ ಚಕ್ರಕ್ಕೆ ಅಡ್ಡಲಾಗಿ ಹಾಯುವ ಉಕ್ಕಿನ ಸರಳು. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವುದು ಅದರ ಕೆಲಸ. ಸರಳು ದಪ್ಪವಾದಷ್ಟೂ ವಾಲುವುದು ಕಡಿಮೆ. ಶರಾವತಿ ಪುಣೆಯಿಂದ ದಪ್ಪನೆಯದೊಂದನ್ನು ತರಿಸಿದ್ದಳು. ಅತ್ತೆ ಇನ್ನೊಂದು ಸಲ ಕೂತರೆ ತಲೆ ಸುತ್ತಬಾರದು ಎಂದು. ಹಾಗೆಂದು ಗಂಡನಿಗೆ ಮಾತ್ರ ಹೇಳಿದ್ದಳು. ಮಧುಸೂದನನ ಬಾಯಲ್ಲಿ ಮಾತು ನಿಂತೀತೆ? ಶನಿವಾರವೇ ತಾಯಿಯ ಕಿವಿಗೆ ಹಾಕಿದ್ದ.

ಬೆಳಗಿನಿಂದ ಪೋರ್ಟಿಕೋದಲ್ಲಿ ಕಾರಿನ ಮೂತಿಯನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಹಳೆಯ ಸರಳನ್ನು ಇಳಿಸಿ ಹೊಸದನ್ನು ಏರಿಸಿದ್ದಳು. ಸರಳಿನ ನಟ್ಟುಗಳನ್ನು ಗಾಡಿ ಎತ್ತಿದ್ದಾಗ ಪೂರ್ತಿ ಬಿಗಿಯುವ ಹಾಗಿಲ್ಲ. ಕಾರು ತನ್ನ ಭಾರ ತಾನೇ ಹೊತ್ತು ನೆಲದ ಮೇಲೆ ನಿಂತ ಮೇಲೆಯೇ ಬಿಗಿಯಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ತಿರುಚಿಕೊಳ್ಳುತ್ತದೆ. ಅದಕ್ಕೇ ಅವನ್ನು ಕೈಯಲ್ಲಿ ತಿರುಗಿಸಿ ಬಿಟ್ಟಳು. ಚಕ್ರಗಳನ್ನು ಹಾಕಿ, ಅವುಗಳ ನಟ್ಟನ್ನೂ ಸದ್ಯಕ್ಕೆ ಬೆರಳಿನಲ್ಲೇ ತಿರುಗಿಸಿ, ಕಾರನ್ನು ಕೆಳಗಿಳಿಸಿದಳು. ಬಲಗಡೆಯ ಚಕ್ರಕ್ಕೆ ಸ್ಪ್ಯಾನರ್ ಇಟ್ಟು ಕಾಲಿನಿಂದ ತುಳಿದು ಬಿಗಿದಳು. ಎಡಗಡೆಗೆ ಬರುವಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಪೋರ್ಟಿಕೋಗೆ ಬಂದು ನಿಂತಿದ್ದರು.

ಅತ್ತೆ ತಾವಾಗಿ ಕಾಫಿ ತಂದುಕೊಟ್ಟದ್ದು! ಶರಾವತಿ ಖುಷಿಯಲ್ಲಿ ಲೋಟ ತೆಗೆದುಕೊಂಡಳು. ಕಾಫಿ ಕುಡಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮುಂದೆ ಗ್ರೀಸು ಗಲೀಜು ಇದ್ದರೆ ಅವರಿಗೆ ಆಗುವುದಿಲ್ಲವೆಂದು ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿದಳು, ನೆಲವನ್ನು ಲಕಲಕ ಅನ್ನುವಂತೆ ತೊಳೆದಳು. ಉಳಿದದ್ದು ಟಾರ್ಕ್ ರೆಂಚಿನ ಕೆಲಸ ಎಂದುಕೊಂಡು ಸ್ಕೂಟರಿನ ಕೀಲಿ ತೆಗೆದುಕೊಂಡಳು.

ಮಲವಗೊಪ್ಪದಲ್ಲಿ ಗುರು ಅಟ್ಟದ ಮೇಲೆ ರೆಂಚ್ ಹುಡುಕುತ್ತಿದ್ದ. ಶರಾವತಿ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಭದ್ರಾವತಿಯ ಕಡೆಗೆ ಒಂದು ಕೆಂಪು ಕಾರು ಹಾದುಹೋಯಿತು. ಅರೆ, ನನ್ನ ಕಾರಿನ ಹಾಗೇ ಇದೆಯಲ್ಲ ಅಂದುಕೊಂಡಳು. ನೋಡಿ, ಎಂಥ ಬುದ್ಧಿವಂತರಿಗೂ ಆ ಗಳಿಗೆಯಲ್ಲಿ ಮಂಕು ಕವಿಯುತ್ತದೆ. ಇಡೀ ಶಿವಮೊಗ್ಗದಲ್ಲಿ ಅಂಥ ಕಾರು ಇದ್ದದ್ದೇ ಒಂದು.

ಅಟ್ಟದ ಕಿಟಕಿಯಿಂದ ಅದನ್ನು ನೋಡಿದ್ದ ಗುರುವೇ ಇಳಿದು ಬಂದು ಹೇಳಿದ: "ಅದು ನಿಮ್ದೇ ಅಲ್ವಾ ಮೇಡಂ? ಸಾರ್ ಓಡಿಸ್ತಿದ್ರು. ಪಕ್ಕದಲ್ಲಿ ಅಮ್ಮೋರು ಕೂತಿದ್ರು."

ಶರಾವತಿ ಸ್ಟೂಲಿನಿಂದ ಎದ್ದೇಬಿಟ್ಟಳು. ಸರಳಿನ ನಟ್ಟುಗಳು ಸಡಿಲ, ಅದು ಗೊತ್ತು. ಅವು ಕಳಚಿದರೂ ಗಡಗಡ ಸದ್ದಾಗುತ್ತದೆ ಅಷ್ಟೆ, ಜೀವಕ್ಕೇನೂ ಅಪಾಯವಿಲ್ಲ. ಆದರೆ ಎಡಗಡೆಯ ಚಕ್ರ? ಅದನ್ನು ಬಿಗಿದೆನೋ ಇಲ್ಲವೋ?

ಗಂಡನಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಮಧುಸೂದನ ಬ್ಯಾಂಕ್ ಮ್ಯಾನೇಜರು, ನಿಯಮವೆಂದರೆ ನಿಯಮ. ಸ್ಟೀರಿಂಗ್ ಹಿಡಿದಾಗ ಆಕಾಶ ಕಳಚಿ ಬಿದ್ದರೂ ಫೋನ್ ಎತ್ತುವವನಲ್ಲ. ಯಾವತ್ತೂ ಇಲ್ಲದ ಸಿಟ್ಟು ಅವಳಿಗೆ ಆ ಒಳ್ಳೆಯ ಗುಣದ ಮೇಲೆ ಬಂತು. ಅತ್ತೆಯ ಫೋನ್ ಎಂದಿನಂತೆ ಮನೆಯಲ್ಲೇ ಇದ್ದಿರಬೇಕು, ಯಾರೂ ಎತ್ತಲಿಲ್ಲ. ಕೊನೆಗೆ ಮಹಡಿಯ ಮೇಲೆ ಬಾಡಿಗೆಗಿದ್ದ ಪುಷ್ಪಾಳಿಗೆ ಮಾಡಿದಳು.

ಪುಷ್ಪಾಳಿಗೋ ಸಂಭ್ರಮ. ಸೀತಾಲಕ್ಷ್ಮಿ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ್ದನ್ನು, ಒಂದೊಂದು ಚಕ್ರದಡಿಗೂ ನಿಂಬೆಹಣ್ಣಿಟ್ಟು ಆರತಿ ಎತ್ತಿದ್ದನ್ನು, ರಾಹುಕಾಲ ಶುರುವಾಗುವುದರೊಳಗೆ ಗಡಿಬಿಡಿಯಲ್ಲಿ ಮಗನನ್ನು ಎಬ್ಬಿಸಿ ಹೊರಡಿಸಿದ್ದನ್ನು ಬಿಡದೆ ವರ್ಣಿಸಿದಳು. ಭದ್ರಾವತಿಯ ಹಳೇ ನಗರದ ನರಸಿಂಹನ ಗುಡಿಯಲ್ಲಿ ಕಾರಿಗೆ ಪೂಜೆ ಮಾಡಿಸಿಕೊಂಡು ಬರುತ್ತಾರಂತೆ. ಸೊಸೆ ತನಗೋಸ್ಕರ ಇಷ್ಟು ಮೈಮುರಿದು ದುಡಿದಿದ್ದಾಳೆ, ಪ್ರಸಾದ ತಂದು ಕೈಗಿಟ್ಟೇ ಹೇಳಬೇಕು, ಅಲ್ಲಿಯತನಕ ಬಾಯಿ ಬಿಡಬೇಡ ಅಂದಿದ್ದರಂತೆ. "ನಾನು ಹೇಳಿದೆ ಅನ್ಬೇಡಿ ಮತ್ತೆ" ಎಂದು ಪುಷ್ಪಾ ನಕ್ಕಳು.

ಶರಾವತಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಮುಗಿಯದ ಕೆಲಸಕ್ಕೆ ಕುಂಕುಮ ಹಚ್ಚುವ ಪದ್ಧತಿ ಆ ಮನೆಯಲ್ಲಿಲ್ಲ. ತೊಳೆದ ನೆಲ ನೋಡಿ ಕೆಲಸ ಮುಗಿಯಿತೆಂದು ಅತ್ತೆ ತಿಳಿದರು, ಕುಂಕುಮ ನೋಡಿ ಮುಗಿಯಿತೆಂದು ಮಗ ತಿಳಿದ. ಅಮ್ಮನೇ ಆರತಿ ಎತ್ತಿದ ಮೇಲೆ ಅವನು ಇನ್ನೇನು ಕೇಳುವುದಿತ್ತು? ತಪ್ಪು ಯಾರದೆಂದು ಹುಡುಕಿದರೆ ನೆಲ ತೊಳೆದ ತನ್ನ ಕೈಯೇ ಕಾಣುತ್ತಿತ್ತು. ಗುರು ತಾನೂ ಬರುತ್ತೇನೆಂದು ಅಂಗಡಿಯ ಷಟರ್ ಎಳೆಯುವಷ್ಟರಲ್ಲಿ ಅವಳು ರೆಂಚನ್ನೂ ನಟ್ಟು ಹಿಡಿಯುವ ಸಾಕೆಟ್ಟನ್ನೂ ಕಾಲಬಳಿ ಹಾಕಿಕೊಂಡು ರಸ್ತೆಗೆ ಇಳಿದಾಗಿತ್ತು.

ಸ್ಕೂಟರ್ ಅದರ ಶಕ್ತಿ ಮೀರಿ ಕಿರುಚುತ್ತಿತ್ತು. ನಟ್ಟುಗಳನ್ನು ಬೆರಳಿನಲ್ಲಿ ತಿರುಗಿಸಿದ್ದು ನೆನಪಿದೆ. ಲೋಟದ ಬಿಸಿ ನೆನಪಿದೆ. ಅತ್ತೆ ಒಂದು ಚೂರು ನಕ್ಕಿದ್ದೂ ನೆನಪಿದೆ. ಆಮೇಲೆ ಸ್ಪ್ಯಾನರ್ ಹಿಡಿದೆನೆ? ಹಿಡಿದೆ ಅಂದುಕೊಂಡರೆ ಹಿಡಿದಂತೆಯೇ ಅನ್ನಿಸುತ್ತಿತ್ತು. ಆದರೆ ಕಾಲಿನಲ್ಲಿ ತುಳಿದದ್ದನ್ನು ನೆನೆಸಿಕೊಳ್ಳಹೋದರೆ ಬರುತ್ತಿದ್ದದ್ದು ಬರೀ ಬಲಗಡೆಯ ಚಕ್ರ. ಎದುರು ಬರುತ್ತಿದ್ದ ಬಸ್ಸಿನವರ ಮುಖದಲ್ಲಿ ಏನಾದರೂ ಗುರುತು ಸಿಗುತ್ತದೆಯೋ, ಮುಂದೆ ಆಕ್ಸಿಡೆಂಟ್ ಆಗಿದೆ ಎಂದು ಯಾರಾದರೂ ಕೈ ಬೀಸುತ್ತಾರೋ ಎಂದು ಹಪಹಪಿಸುತ್ತಿದ್ದಳು. ನರಸಿಂಹಾ, ನಿನ್ನ ಹತ್ತಿರವೇ ಬರುತ್ತಿದ್ದಾರಲ್ಲಪ್ಪಾ, ಕ್ಷೇಮವಾಗಿ ಮುಟ್ಟಿಸು. ದೇವರ ಮುಂದೆ ಕೈ ಮುಗಿಯಲೂ ಲೆಕ್ಕ ಹಾಕುತ್ತಿದ್ದ ಶರಾವತಿ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಬಡಬಡಿಸುತ್ತಿದ್ದಳು.

ಒಂದು ತಿರುವಿನಲ್ಲಿ ಜನ ಸೇರಿದ್ದರು. ಅಡ್ಡಡ್ಡ ನಿಂತ ಲಾರಿ, ಅದರ ಸುತ್ತ ಬೈಕುಗಳು, ನಡುವೆ ಏನೋ ಬಿದ್ದಿದೆ. ಸ್ಕೂಟರನ್ನು ಹಾಗೇ ಬಿಟ್ಟು ಜನರನ್ನು ತಳ್ಳಿಕೊಂಡು ನುಗ್ಗಿದಳು. ಬಿದ್ದಿದ್ದದ್ದು ಜೋಳದ ಮೂಟೆಗಳು. ಹಗ್ಗ ಕಿತ್ತು ರಸ್ತೆಯೆಲ್ಲ ಹರಡಿದ್ದವು. ಕೆಂಪು ಕಾರೊಂದು ಈ ಕಡೆ ಬಂತೇ ಎಂದು ಕೇಳಿದ್ದಕ್ಕೆ, ಮೂಟೆ ಎತ್ತುತ್ತಿದ್ದ ಒಬ್ಬ ಸಾವಕಾಶವಾಗಿ ಬೆನ್ನು ನೆಟ್ಟಗೆ ಮಾಡಿದ.

"ಹೋಯ್ತಲ್ಲಕ್ಕ, ಸ್ವಲ್ಪ ಹೊತ್ತಾಯ್ತು. ಮುಂದಿನ್ ಚಕ್ರ ಒಂಥರಾ ಕುಣೀತಿತ್ತು. ಕೂಗಿದ್ವಿ, ಅವರಿಗೆ ಕೇಳಿಸ್ಲಿಲ್ಲ."

ಅಲ್ಲಿಗೆ ಅನುಮಾನ ಹೋಯಿತು. ಬಿಗಿದಿರಲಿಲ್ಲ. ಇಷ್ಟು ಹೊತ್ತು ಬಿಗಿದಿರಬಹುದೆಂಬ ಒಂದು ಎಳೆ ಹಿಡಿದು ಜೋತಾಡುತ್ತಿದ್ದಳು, ಅದೂ ಕೈಬಿಟ್ಟಿತು. ಮುಂದಿನ ದಾರಿ ಹೇಗೆ ಸಾಗಿತೋ ಅವಳಿಗೆ ತಿಳಿಯದು. ಭದ್ರಾವತಿಯ ಸರ್ಕಲ್ಲಿನಲ್ಲಿ ಯಾರೋ ಬೈದರು, ತರಕಾರಿ ಗಾಡಿಯೊಂದಕ್ಕೆ ತಗಲಿಯೂ ತಗಲದಂತೆ ತಪ್ಪಿಸಿಕೊಂಡಳು, ಹಳೇ ನಗರದ ಸಂದಿಗಳಲ್ಲಿ ಒಂದು ಸಲ ದಾರಿ ತಪ್ಪಿದಳು. ನಡುವೆ ನಿಂತು ಮಾಡಿದಾಗಲೂ ಗಂಡನ ಫೋನ್ ಬರೀ ರಿಂಗ್ ಆಗುತ್ತಿತ್ತು.

ಗುಡಿಯ ಮುಂದೆ ಕಾರು ನಿಂತಿತ್ತು. ಬಾನೆಟ್ ತುಂಬ ಸೇವಂತಿಗೆ. ಒಳಗೆ ಯಾರೂ ಇಲ್ಲ, ಗಾಜು ಒಡೆದಿಲ್ಲ, ಎಲ್ಲೂ ಗೀರಿಲ್ಲ. ಬಂದು ಮುಟ್ಟಿದ್ದರು. ಶರಾವತಿ ರಸ್ತೆಯ ಮೇಲೇ ಮಂಡಿಯೂರಿ ಎಡಗಡೆಯ ಚಕ್ರದ ಹತ್ತಿರ ಹೋದಳು. ಒಂದು ನಟ್ಟು ಇರಲೇ ಇಲ್ಲ, ಬೋಲ್ಟು ಬರಿದಾಗಿ ನಿಂತಿತ್ತು. ಉಳಿದವಕ್ಕೆ ಬೆರಳು ತಾಗಿಸಿದಳು. ಪಾತ್ರೆಯ ಮುಚ್ಚಳದಂತೆ ಸಲೀಸಾಗಿ ತಿರುಗಿದವು. ಒಂದರ ಅಂಚಿನಲ್ಲಿ ಇನ್ನು ಎರಡು ಸುತ್ತಿನಷ್ಟೂ ಹಿಡಿತ ಉಳಿದಿರಲಿಲ್ಲ. ಹೂವಿನ ಅಂಗಡಿಯವಳು ಏನಾಯ್ತಮ್ಮಾ ಎಂದು ಎರಡು ಸಲ ಕೇಳಿದಳು. ಶರಾವತಿ ಸಾಕೆಟ್ ಸಿಕ್ಕಿಸಿ, ರೆಂಚಿಗೆ ಮೈಭಾರವೆಲ್ಲ ಹಾಕಿ ಒತ್ತಿದಳು. ಅಳತೆಯ ಗೆರೆಯತ್ತ ನೋಡಲೂ ಇಲ್ಲ.

ಮಧುಸೂದನನೂ ಸೀತಾಲಕ್ಷ್ಮಿಯೂ ಪ್ರಸಾದದ ತಟ್ಟೆ ಹಿಡಿದು ಹೊರಗೆ ಬಂದಾಗ ಅವಳು ಅಲ್ಲೇ ಚಕ್ರಕ್ಕೆ ಒರಗಿ ಕೂತಿದ್ದಳು. ಸೊಸೆಯನ್ನು ಅಲ್ಲಿ ಕಂಡು ಅತ್ತೆಯ ಮುಖ ಅರಳಿತು. ಪುಷ್ಪಾ ಬಾಯಿ ಬಿಟ್ಟಳೆಂದೇ ತಿಳಿದಿರಬೇಕು. ಹತ್ತಿರ ಬಂದು, ದಾರಿಯಲ್ಲಿ ತಲೆ ಒಂದಿಷ್ಟೂ ಸುತ್ತಲಿಲ್ಲ, ತಿರುವಿನಲ್ಲಿ ಗಾಡಿ ನೆಟ್ಟಗೆ ನಿಂತಿತು ಎಂದು ಹೇಳತೊಡಗಿದರು. ಶರಾವತಿಗೆ ತಡೆಯಲಾಗಲಿಲ್ಲ.

"ಅತ್ತೆ, ಈ ಚಕ್ರ ನಾನು ಬಿಗಿ ಮಾಡಿರ್ಲಿಲ್ಲ. ಕೆಲಸ ಇನ್ನೂ ಮುಗಿದಿರ್ಲಿಲ್ಲ. ದಾರೀಲಿ ಕಳಚಿ ಬಿದ್ದಿದ್ರೆ ನೀವಿಬ್ರೂ ಇರ್ತಿರ್ಲಿಲ್ಲ."

ಮಧುಸೂದನ ಬಗ್ಗಿ ಬರಿದಾದ ಬೋಲ್ಟನ್ನು ನೋಡಿದ. ಮಲವಗೊಪ್ಪ ದಾಟಿದ ಮೇಲೆ ಸ್ಟೀರಿಂಗ್ ಅದುರುತ್ತಿತ್ತು, ಆಮೇಲಾಮೇಲೆ ಟಕಟಕ ಎಂದು ಸದ್ದೂ ಬರುತ್ತಿತ್ತು, ಬದಿಗೆ ಹಾಕಿ ನೋಡುತ್ತೇನೆಂದು ತಾನು ಅಂದಿದ್ದೆ ಎಂದ. ಅಷ್ಟು ಹೇಳಿ ತಾಯಿಯ ಮುಖ ನೋಡಿದ.

ಸೀತಾಲಕ್ಷ್ಮಿ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟರು. ಮೊದಲು ಚಕ್ರವನ್ನು ನೋಡಿದರು, ಆಮೇಲೆ ಸೊಸೆಯನ್ನು.

"ನಾನೇ ನಿಲ್ಲಿಸ್ಬೇಡ ಅಂದೆ ಕಣೆ," ಎಂದರು. "ಅವಳು ಮಾಡಿದ್ದು ಅಂದ್ಮೇಲೆ ಸರಿಯಾಗೇ ಇರತ್ತೆ, ನೀ ಸುಮ್ನೆ ಓಡ್ಸು ಮಾರಾಯಾ ಅಂದೆ."

ಇಂಥ ಒಂದು ಮಾತು ಅವರ ಬಾಯಿಂದ ಬರಲೆಂದು ಶರಾವತಿ ಎಷ್ಟು ವರ್ಷ ಹಂಬಲಿಸಿದ್ದಳೋ. ಈಗ ಅದು ಕಿವಿಗೆ ಬಿದ್ದಾಗ, ಅತ್ತೆ ಎಂದಿನಂತೆ ತನ್ನನ್ನು ನಂಬದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು, ಗುಡಿಯ ಮುಂದಿನ ರಸ್ತೆಯಲ್ಲಿ, ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದಂತೆ ಬಿಕ್ಕಿ ಬಿಕ್ಕಿ ಅತ್ತಳು.