ಹಿಡಿಯಕ್ಕಿ ಗಂಜಿ

"ಎಸ್ತೇರಮ್ಮಾ, ಡ್ರಮ್ಮಲ್ಲಿ ಅಕ್ಕಿ ಅರ್ಧಕ್ಕಿಳಿದಿದೆಯಲ್ಲ?"

ಫ್ಲಾರೆನ್ಸ್ ಟೀಚರ್ ಮೊಣಕೈವರೆಗೆ ತೋಳನ್ನು ಡ್ರಮ್ಮಿನೊಳಗೆ ಇಳಿಬಿಟ್ಟೇ ಕೇಳಿದರು. ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದಿತ್ತು. ಹೊರಗೆ ಹೊಂಗೆಮರದ ಕೆಳಗೆ ಜನ ಟೀ ಕುಡಿಯುತ್ತ ಯಾರ ಮಗಳಿಗೆ ಯಾವ ಕಡೆ ಗಂಡು ನೋಡುತ್ತಿದ್ದಾರೆಂದು ಮಾತಾಡುತ್ತಿದ್ದರು. ಒಳಗೆ ಸಾಮಾನಿನ ಕೋಣೆಯಲ್ಲಿ ಹೆಂಗಸರ ಸಂಘದ ನಾಲ್ಕೈದು ಮಂದಿ ಅಕ್ಕಿ ತುಂಬಲು ಚೀಲಗಳನ್ನು ಕೊಡವಿಕೊಂಡು ನಿಂತಿದ್ದರು.

"ನಾನೇ ತಗೊಂಡೆ ಟೀಚರ್," ಎಂದಳು ಎಸ್ತೇರಮ್ಮ.

ಕೊಡವುತ್ತಿದ್ದ ಚೀಲಗಳು ಹಾಗೇ ನಿಂತವು. ಹನ್ನೊಂದು ವರ್ಷದಿಂದ ಡ್ರಮ್ಮಿನ ಬೀಗದ ಕೈ ಎಸ್ತೇರಮ್ಮನ ಸೊಂಟದಲ್ಲಿತ್ತು. ಆಕೆಗೆ ಓದು ಬಾರದು. ರಾಗವಾಗಿ ಹಾಡಲು ಹೋದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸ. ಜಯನಗರದ ಆ ಸಭೆಯಲ್ಲಿ ಡಾಕ್ಟರರ ಹೆಂಡತಿ, ಬ್ಯಾಂಕಿನವರ ಹೆಂಡತಿ ಎಲ್ಲರ ನಡುವೆ ಆಕೆಗೆ ಇದ್ದ ಮರ್ಯಾದೆಯೆಂದರೆ ಆ ಒಂದು ಬೀಗದ ಕೈ. ಭಾನುವಾರ ಆಕೆ ಸ್ವಲ್ಪ ಜೋರಾಗಿಯೇ ನಡೆಯುತ್ತಿದ್ದಳು, ಅದು ಕಿಣಿಕಿಣಿ ಅನ್ನಲಿ ಎಂದು. ಇದು ಜಂಭವೇ, ಸುಳ್ಳೇಕೆ ಹೇಳಬೇಕು.

ಆ ಡ್ರಮ್ಮಿನಲ್ಲಿದ್ದದ್ದು ಹಿಡಿಯಕ್ಕಿ. ಸಭೆಯ ಹೆಂಗಸರು ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಅದು ದೇವರ ಪಾಲು. ಭಾನುವಾರ ಡಬ್ಬಿ ತಂದು ಡ್ರಮ್ಮಿಗೆ ಸುರಿದರೆ, ಮೂರು ತಿಂಗಳಿಗೊಮ್ಮೆ ಅದು ಅನಾಥ ಮಕ್ಕಳ ಹಾಸ್ಟೆಲಿಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಹಾಸ್ಟೆಲಿನ ವ್ಯಾನು ಬರುವುದಿತ್ತು.

"ಯಾಕೆ ತಗೊಂಡ್ರಿ? ಮನೇಲಿ ಕಷ್ಟ ಇದ್ರೆ ಕೇಳ್ಬಾರ್ದಿತ್ತಾ?"

"ನನಗಲ್ಲ ಟೀಚರ್. ಆಸ್ಪತ್ರೆ ಗೇಟ್ ಹತ್ರ ಜನ ಹಸ್ಕೊಂಡ್ ಕೂತಿದ್ರು."

"ಸರಿ. ಹಾಸ್ಟೆಲ್ ಮಕ್ಕಳಿಗೇನು ಹೊಟ್ಟೆ ಇಲ್ವಾ? ಅವ್ರಿಗೆ ನಾನೇನ್ ಹೇಳ್ಲಿ?"

ಟೀಚರ್ ಹೇಳಿದ್ದು ಸರಿಯಾಗೇ ಇತ್ತು. ಎಸ್ತೇರಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿ ಟೀಚರ ಅಂಗೈಗೆ ಹಾಕಿದಳು. "ಬುಧವಾರ ಸಂಘದಲ್ಲಿ ಮಾತಾಡೋಣ," ಎಂದರು ಟೀಚರ್. ಬಾಗಿಲು ದಾಟುವಾಗ ಹಿಂದೆ ಯಾರೋ ಮೆಲ್ಲಗೆ, "ಅಂಗಡಿಗೇನಾದ್ರೂ ಮಾರ್ಕೊಂಡ್ಲೋ ಏನೋ," ಎಂದದ್ದು ಕೇಳಿಸಿತು.

ಸಂಜೆಯೇ ಎಸ್ತೇರಮ್ಮ ತನ್ನ ಮನೆಯಲ್ಲಿದ್ದ ಆ ತಿಂಗಳ ರೇಷನ್ ಅಕ್ಕಿಯನ್ನು ಹೊತ್ತು ತಂದು, ಟೀಚರಿಂದ ಬೀಗ ತೆಗೆಸಿ ಡ್ರಮ್ಮಿಗೆ ಸುರಿದಳು. ಆದರೂ ಮೂರು ಗೇಣು ಕಡಿಮೆಯೇ ಇತ್ತು.

ಇಷ್ಟಕ್ಕೆಲ್ಲ ಮೊದಲು ಎರಡು ವಾರದ ಹಿಂದೆ ಗೇಟಿನ ಬಳಿ ರೇಣುಕವ್ವ ಕೂತಿದ್ದಳು. ರಾಯಚೂರು ಕಡೆಯವಳು. ಗಂಡ ಮೌನೇಶನಿಗೆ ಗಂಟಲಲ್ಲಿ ಗಡ್ಡೆ, ಒಳಗೆ ವಾರ್ಡಿನಲ್ಲಿದ್ದ. ರೋಗಿಗೆ ಆಸ್ಪತ್ರೆಯಲ್ಲಿ ಊಟವುಂಟು, ಜೊತೆಗೆ ಬಂದವರಿಗೆ ಯಾರು ಕೊಡುತ್ತಾರೆ? ಅವರೆಲ್ಲ ಫುಟ್‌ಪಾತಿನಲ್ಲೇ ಚಾಪೆ ಹಾಸಿಕೊಂಡು, ಒಂದು ಬನ್ನು, ಅರ್ಧ ಟೀಯಲ್ಲಿ ದಿನ ತಳ್ಳುತ್ತಿದ್ದರು. ಡ್ಯೂಟಿಗೆ ಹೊರಟಿದ್ದ ಎಸ್ತೇರಮ್ಮ ಕೇಳಿದ್ದಳು:

"ಏನಮ್ಮ, ತಿಂಡಿ ಆಯ್ತಾ?"

"ನಿನ್ನಿ ಉಂಡೀನ್ರಿ ಯಕ್ಕಾ. ಹಸಿವಿಲ್ರಿ."

ಹೇಳುತ್ತ ರೇಣುಕವ್ವ ಸೀರೆಯ ನೆರಿಗೆಯನ್ನು ಹೊಟ್ಟೆಗೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು. ಎಸ್ತೇರಮ್ಮನ ತಾಯಿಯೂ ಬರಗಾಲದಲ್ಲಿ ಹಾಗೆಯೇ ಸಿಕ್ಕಿಸಿಕೊಳ್ಳುತ್ತಿದ್ದಳು. ಮರುದಿನ ಬೆಳಿಗ್ಗೆ ಒಲೆಯ ಮುಂದೆ, ದಿನದ ಹಾಗೆ, "ಯೇಸಪ್ಪಾ, ಇದು ನಿಂದು," ಎಂದು ಒಂದು ಹಿಡಿ ಅಕ್ಕಿ ತೆಗೆದವಳು ಡಬ್ಬಿಗೆ ಹಾಕದೆ ಅಲ್ಲೇ ನಿಂತಳು. "ನಿಂದೇ ಅಲ್ವಾ, ಅವಳಿಗೆ ಕೊಟ್ರೆ ಬೇಜಾರ್ ಮಾಡ್ಕೋತೀಯಾ?" ಎಂದು ಕೇಳಿದಳು. ಯೇಸಪ್ಪ ಬೇಡ ಅನ್ನಲಿಲ್ಲ. ರೇಣುಕವ್ವ ಉಂಡಳು. ಅದರ ಮಾರನೆಯ ದಿನ ಗೇಟಿನಲ್ಲಿ ಆರು ಜನ ಆಕೆಯ ಕೈ ನೋಡುತ್ತ ಕೂತಿದ್ದರು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತಾದರು. ಆಗಲೇ ಡ್ರಮ್ಮಿಗೆ ಕೈ ಹಾಕಿದ್ದು.

ಡ್ರಮ್ಮಿನ ಅಕ್ಕಿಯಲ್ಲಿ ಮೊದಲ ದಿನ ಆದದ್ದು ದೊಡ್ಡ ಎಡವಟ್ಟು. ಹಿಡಿಯಕ್ಕಿಯೆಂದರೆ ನೂರು ಮನೆಯ ಅಕ್ಕಿ. ಒಬ್ಬರದು ಸೋನಾ ಮಸೂರಿ, ಒಬ್ಬರದು ರೇಷನ್ನಿನದು, ಮಂಗಳೂರು ಕಡೆಯವರದು ಕುಸುಬಲಕ್ಕಿ, ಟೀಚರ ಮನೆಯದು ಎರಡು ವರ್ಷದ ಹಳೆಯ ಸಣ್ಣಕ್ಕಿ. ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆ, ಮತ್ತೊಂದು ಇನ್ನೂ ಕಲ್ಲು. ಆಕೆ ಬಾಡಿಗೆಗಿದ್ದ ಬೈರಸಂದ್ರದ ವಠಾರದ ಹಿತ್ತಲಲ್ಲಿ ಮನೆ ಓನರ್ ಲಕ್ಷ್ಮಿದೇವಮ್ಮ ಬಂದು ತಪ್ಪಲೆಗೆ ಇಣುಕಿದರು. ಊರಿನ ಹಳಬರು, ಬಡಾವಣೆ ಬರುವ ಮುಂಚೆ ರಾಗಿ ಬೆಳೆದವರು, ಈಗ ಐದು ಮನೆ ಬಾಡಿಗೆಗೆ ಬಿಟ್ಟವರು.

"ಏನಿದು, ಅನ್ನಾನಾ? ಗಾರೆ ಕಲಸಿದ್ದೀಯಾ?"

"ಏನ್ ಮಾಡ್ಲಿ ಅಕ್ಕ, ಬೇಯ್ತಾನೇ ಇಲ್ಲ."

"ನಿನ್ ಬುದ್ಧಿಗಿಷ್ಟು! ಕಲಬೆರಕೆ ಅಕ್ಕೀಲಿ ಅನ್ನ ಮಾಡೋಕ್ ಹೋಗಿದ್ದಾಳೆ. ಇನ್ನಾಲ್ಕು ಚೊಂಬು ನೀರು ಹುಯ್ಯಿ, ಉಪ್ಪು ಹಾಕು, ಗಂಜಿ ಆಗತ್ತೆ. ಗಂಜಿಗೆ ಯಾವ ಅಕ್ಕಿ ಆದ್ರೇನು?"

ಅಂದಿನಿಂದ ಗಂಜಿ. ಲಕ್ಷ್ಮಿದೇವಮ್ಮ ಉಪ್ಪಿನಕಾಯಿಯ ಭರಣಿಯನ್ನೂ ಕೊಟ್ಟಿದ್ದರು, ಬೈದುಕೊಂಡೇ.

ಈಗ ಸೋಮವಾರ. ಬೆಳಗಿನ ಆರು ಗಂಟೆ. ಎಸ್ತೇರಮ್ಮನ ಮನೆಯಲ್ಲಿ ಅಕ್ಕಿಯಿಲ್ಲ, ಬೀಗದ ಕೈಯಿಲ್ಲ. ಗೇಟಿನಲ್ಲಿ ಮೂವತ್ತು ಜನ ಲೋಟ ಹಿಡಿದು ಕಾಯುತ್ತಿರುತ್ತಾರೆ. ಅವರ ಮುಂದೆ ಬರಿಗೈಯಲ್ಲಿ ಹೇಗೆ ಹೋಗುವುದು? ಬೇರೆ ಗೇಟಿನಿಂದ ನುಸುಳಿಕೊಂಡು ಡ್ಯೂಟಿಗೆ ಹೋಗಿಬಿಡಲೇ ಎಂದೂ ಯೋಚಿಸಿದಳು. ಖಾಲಿ ತಪ್ಪಲೆಯ ಪಕ್ಕ ಕೂತು ಅತ್ತಳು. "ನೀನೇ ತಾನೇ ಶುರು ಮಾಡ್ಸಿದ್ದು? ಈಗ ಸುಮ್ನಿದ್ರೆ ಹೆಂಗೆ?" ಎಂದು ಯೇಸಪ್ಪನ ಹತ್ತಿರ ಸ್ವಲ್ಪ ಜಗಳವನ್ನೂ ಆಡಿದಳು.

"ಯಾರ್ ಮೇಲೆ ಕೂಗಾಡ್ತಿದ್ದೀಯಾ?" ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತಿದ್ದರು. ಎಸ್ತೇರಮ್ಮ ಮುಚ್ಚಿಡದೆ ಎಲ್ಲ ಹೇಳಿಕೊಂಡಳು. ಕೇಳಿದವರೇ ಹೊರಟುಹೋದರು. ಹತ್ತು ನಿಮಿಷದಲ್ಲಿ ಮೊರದ ತುಂಬ ಅಕ್ಕಿಯೊಂದಿಗೆ ಬಂದರು. ಅವರ ಹಿಂದೆ ವಠಾರದ ಹೆಂಗಸರು ರುದ್ರಮ್ಮ, ಕಾತ್ಯಾಯಿನಿ, ಇಬ್ಬರ ಸೆರಗಿನಲ್ಲೂ ಅಕ್ಕಿ.

"ಉಳಿದ ನಾಲ್ಕೂ ಮನೇಲಿ ವಸೂಲು ಮಾಡ್ದೆ. ಬಾಡಿಗೆಗಿಂತ ಬೇಗ ಬಂತು," ಎಂದರು ಲಕ್ಷ್ಮಿದೇವಮ್ಮ. ಆಮೇಲೆ ಸ್ವಲ್ಪ ಅಳುಕುತ್ತ, "ನಾವು ಮಾರಮ್ಮನ ಒಕ್ಕಲು ಕಣೆ. ನಮ್ಮನೆ ಹಿಡಿ ನಿಮ್ ದೇವ್ರಿಗೆ ಆಗತ್ತಾ?"

"ಅವ್ನು ಯಾವತ್ ಬೇಡ ಅಂದಿದ್ದಾನೆ ಅಕ್ಕ?"

"ಹಂಗಾದ್ರೆ ಒಲೆ ಹತ್ಸು. ಮೂತಿ ಒರ್ಸ್ಕೋ."

ಮಂಗಳವಾರ ಬೆಳಿಗ್ಗೆ ಗಂಜಿ ಹಂಚುತ್ತಿರುವಾಗ ಎಸ್ತೇರಮ್ಮ ತಲೆಯೆತ್ತಿದರೆ ಎದುರಿಗೆ ಫ್ಲಾರೆನ್ಸ್ ಟೀಚರ್. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ಶಾಲೆಯ ಬ್ಯಾಗು. ಅಂಗಡಿಗೆ ಮಾರಿದಳೋ ಇಲ್ಲವೋ ನೋಡಲು ಬಂದಿದ್ದರು, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ವಾರ್ಡಿನಲ್ಲಿ ಗಂಟೆ ಹೊಡೆಯಿತು. ಡ್ಯೂಟಿಗೆ ತಡವಾದರೆ ಮೇಟ್ರನ್ ಸುಮ್ಮನಿರುವವರಲ್ಲ.

"ಟೀಚರ್, ನಂಗೆ ಟೈಮಾಯ್ತು. ಇನ್ನೂ ಹದಿನೈದು ಜನ ಇದ್ದಾರೆ. ಒಂಚೂರು ಹಿಡ್ಕೊಳ್ಳಿ," ಎಂದು ಸೌಟನ್ನು ಟೀಚರ ಕೈಗೆ ತುರುಕಿ ಓಡಿಯೇಬಿಟ್ಟಳು. ವಾರ್ಡಿನೊಳಗೆ ಹೋದ ಮೇಲೆ, ಅಯ್ಯೋ ನಾನೇನು ಮಾಡಿಬಿಟ್ಟೆ ಎಂದು ನಾಲಿಗೆ ಕಚ್ಚಿಕೊಂಡಳು.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಟೀಚರ್ ಶಾಲೆಗೆ ತಡವಾಗಿ ಹೋದದ್ದು ಅದೇ ಮೊದಲು. ಸಾಲಿನಲ್ಲಿದ್ದ ರೇಣುಕವ್ವ ಲೋಟ ಚಾಚಿ, "ತಳದಾಗಿಂದು ಹಾಕ್ರಿ ಬಾಯಾರ, ಮ್ಯಾಗ ಬರೇ ನೀರೈತಿ," ಎಂದಿದ್ದಳು. ಟೀಚರ್ ತಳದಿಂದ ಮೊಗೆದು ಹಾಕಿದರು. ಅವರ ಸೀರೆಯ ಮೇಲೆಲ್ಲ ಗಂಜಿ ಚೆಲ್ಲಿತ್ತು.

ಬುಧವಾರದ ಸಂಘದಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. "ಎಸ್ತೇರಮ್ಮ ಕೇಳ್ದೆ ತಗೊಂಡಿದ್ದು ತಪ್ಪು. ನಾವು ಇಷ್ಟು ವರ್ಷ ಆ ಗೇಟ್ ಮುಂದೇನೇ ಬಸ್ಸಲ್ಲಿ ಹೋಗಿ ನೋಡ್ದೇ ಇದ್ದಿದ್ದೂ ತಪ್ಪು. ಇನ್ಮೇಲೆ ಮನೆಗೆ ಎರಡು ಹಿಡಿ. ಒಂದು ಹಾಸ್ಟೆಲ್‌ಗೆ, ಒಂದು ಗೇಟಿಗೆ," ಎಂದರು. ಬೀಗದ ಕೈಯನ್ನು ಮಾತ್ರ ವಾಪಸು ಕೊಡಲಿಲ್ಲ. ಟೀಚರ್ ಅಂದರೆ ಟೀಚರೇ. ಎಸ್ತೇರಮ್ಮನಿಗೆ ನಾಲ್ಕು ದಿನ ಸೊಂಟ ಹಗುರವೆನಿಸಿ ಸಂಕಟವಾಯಿತು, ಆಮೇಲೆ ಕೆಲಸದ ಭರಾಟೆಯಲ್ಲಿ ಮರೆತೇಹೋಯಿತು.

ಮೌನೇಶ ಉಳಿಯಲಿಲ್ಲ. ರೇಣುಕವ್ವ ಊರಿಗೆ ಹೋಗುವ ದಿನ ಎಸ್ತೇರಮ್ಮನನ್ನು ತಬ್ಬಿಕೊಂಡು ಅತ್ತಳು. ಗೇಟಿನ ಮುಂದೆ ಬೇರೆ ಬೇರೆ ಊರಿನವರು ಬಂದು ಕೂರುತ್ತಲೇ ಇದ್ದರು. ಗಂಜಿಯೂ ನಿಲ್ಲಲಿಲ್ಲ. ಬನಶಂಕರಿಯ ಇನ್ನೊಂದು ಸಭೆಯವರು ಸೇರಿದರು, ಆಮೇಲೆ ಜೆ.ಪಿ. ನಗರದ ಭಜನಾ ಮಂಡಳಿಯ ಹೆಂಗಸರು. ತಿಲಕನಗರದ ಸಾಬರು ಶುಕ್ರವಾರಕ್ಕೆ ತಾವೇ ನಿಂತರು. ಮಾರುಕಟ್ಟೆಯ ಯಲ್ಲಪ್ಪ ಉಳಿದ ತರಕಾರಿ ಕಳಿಸತೊಡಗಿದ. ಗೇಟಿನ ಎದುರು ತಗಡಿನ ಶೆಡ್ಡು ಎದ್ದಿತು. ವರ್ಷಗಳುರುಳಿ ಎರಡು ಸಾವಿರದ ಏಳರ ಹೊತ್ತಿಗೆ ಬೆಳಿಗ್ಗೆ ಆರುನೂರು, ಸಂಜೆ ನಾನೂರು ಲೋಟ. ಯಾರು ಶುರು ಮಾಡಿದ್ದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಆ ವರ್ಷ ಎಸ್ತೇರಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳು ಮನೆಯಲ್ಲೇ ಇದ್ದಳು. ಕೆಲಸದಿಂದ ನಿವೃತ್ತಿಯಾಗಿ ಆಗಲೇ ಬಹಳ ಕಾಲವಾಗಿತ್ತು. ಒಂದು ಬೆಳಿಗ್ಗೆ ತಡೆಯಲಾಗದೆ ಕೋಲೂರಿಕೊಂಡು ಶೆಡ್ಡಿನವರೆಗೆ ನಡೆದು ಬಂದಳು. ದಣಿವಾಗಿ ಹೊರಗಿನ ಕಲ್ಲಿನ ಮೇಲೆ ಕೂತಳು. ಹೊಸ ಕಣ್ಣಿಗೆ ಎಲ್ಲವೂ ತೀರ ಬೆಳ್ಳಗೆ ಕಾಣುತ್ತಿತ್ತು. ಸೌಟು ಹಿಡಿದವರೆಲ್ಲ ಹೊಸಬರು.

ಅವರಲ್ಲೊಬ್ಬಳು ಶ್ವೇತಾ, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯವಳು, ಆಫೀಸಿಗೆ ಹೋಗುವ ಮುಂಚೆ ಒಂದು ತಾಸು ಬಂದು ಬಡಿಸುತ್ತಿದ್ದಳು. ಆಕೆ ಕಲ್ಲಿನ ಮೇಲೆ ಒಬ್ಬಳೇ ಕೂತ ಮುದುಕಿಯನ್ನು ನೋಡಿದಳು. ಸಾಲಿಗೆ ಬರಲು ಸಂಕೋಚಪಡುತ್ತಿದ್ದಾಳೆ, ಯಾವ ಊರಿನವಳೋ ಪಾಪ ಎಂದುಕೊಂಡು, ತಳದಿಂದ ಮೊಗೆದ ಲೋಟ ಹಿಡಿದು ತಾನೇ ಬಂದಳು.

"ತಗೋರಿ ಅಜ್ಜಿ. ನಾಚ್ಕೋಬ್ಯಾಡ್ರಿ. ಇಲ್ಲಿ ಯಾರೂ ನೀವ್ ಯಾರು ಅಂತ ಕೇಳಂಗಿಲ್ಲ."

ಎಸ್ತೇರಮ್ಮ ಕೋಲನ್ನು ಕಲ್ಲಿಗೆ ಒರಗಿಸಿದಳು.

"ಒಳ್ಳೇದಾಗ್ಲಿ ಮಗಳೇ," ಎಂದು ಎರಡೂ ಕೈ ಚಾಚಿದಳು. ಲೋಟ ಸುಡುತ್ತಿತ್ತು. ಸೆರಗಿನಲ್ಲಿ ಹಿಡಿದುಕೊಂಡು ಊದಿ ಊದಿ ಕುಡಿಯತೊಡಗಿದಳು.