ಒದ್ದೆ ಹೆಬ್ಬೆರಳಿನ ಗುರುತು

ಬೆಟ್ಟದಣ್ಣ ಏರಿದ ಬೆಟ್ಟಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಿದ್ದರೆ ಚಂದ್ರ ತಲೆ ಬಗ್ಗಿಸಿಕೊಂಡು ಓಡಾಡಬೇಕಾಗುತ್ತಿತ್ತು. ಒಂದು ಸಲ ಅವನು ತುದಿ ತಲುಪಿದಾಗ ಮೋಡಗಳಿನ್ನೂ ಎದ್ದಿರಲಿಲ್ಲವಂತೆ. ಒಂದನ್ನು ತಟ್ಟಿ ಎಬ್ಬಿಸಿ, ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಕೂತು ಬುತ್ತಿ ಬಿಚ್ಚಿದನಂತೆ. ಇನ್ನೊಂದು ಸಲ ಕಡಿದಾದ ಬಂಡೆಯೊಂದು, ಪಾಪ ಇವನಿಗೆ ಬೆರಳೂರಲು ಜಾಗವಿಲ್ಲವಲ್ಲ ಎಂದು ಮರುಗಿ, ತಾನಾಗಿಯೇ ಬಿರುಕು ಬಿಟ್ಟುಕೊಂಡಿತಂತೆ. ನಂಬದವರು ಅವನ ಬೂಟು ನೋಡಲಿ. ಅಷ್ಟು ಬೆಟ್ಟ ಹತ್ತಿದರೂ ಅಡಿ ಒಂದಿಷ್ಟೂ ಸವೆದಿಲ್ಲ. ಅಷ್ಟು ಹಗುರ ಅವನ ಹೆಜ್ಜೆ.

ಇಂಥ ಮಹಾಶಯ ಕೆಲಸ ಮಾಡುವುದು ಮಾತ್ರ ಪುಸ್ತಕದಂಗಡಿಯ ನೆಲಮಾಳಿಗೆಯಲ್ಲಿ, ಬೀದಿಗಿಂತ ಹನ್ನೆರಡು ಮೆಟ್ಟಿಲು ಕೆಳಗೆ. ಚಾವಣಿಗೆ ಅಂಟಿಕೊಂಡಂತೆ ಒಂದು ಅಡ್ಡ ಕಿಟಕಿ. ಅದರಲ್ಲಿ ಆಕಾಶ ಕಾಣುವುದಿಲ್ಲ, ಹೋಗಿಬರುವವರ ಪಾದಗಳು ಕಾಣುತ್ತವೆ. ಭಾನುವಾರ ಬೆಟ್ಟಕ್ಕೆ ಹೋಗಿ ಬಂದವರ ಬೂಟುಗಳು ಸೋಮವಾರ ಬೆಳಿಗ್ಗೆ ಆ ಕಿಟಕಿಯ ಮುಂದೆ ಸಾಲಾಗಿ ಹಾದುಹೋಗುತ್ತವೆ. ಹಿಮ್ಮಡಿಯಲ್ಲಿ ಕೆಂಪು ಮಣ್ಣಿದ್ದರೆ ಪೂರ್ವದ ಏರಿನವರು, ಬೂದಿಬಣ್ಣದ ಪುಡಿಯಿದ್ದರೆ ಕಲ್ಲು ಹತ್ತಿದವರು. ಬೆಟ್ಟದಣ್ಣ ಕತ್ತೆತ್ತಿ ನೋಡುತ್ತಾನೆ. ನೋಡಿ, ಏನೂ ಆಗಿಲ್ಲವೆಂಬಂತೆ ಪುಸ್ತಕದ ಧೂಳು ಒರೆಸುತ್ತಾನೆ.

ಅವನ ಪಾಲಿಗೆ ಬಂದಿರುವುದು ಒಂದೇ ಕಪಾಟು. ನಡಿಗೆಯ ದಾರಿಗಳು, ಬಂಡೆ ಹತ್ತುವ ದಾರಿಗಳು, ಅವುಗಳ ಕೈಪಿಡಿಗಳು. ಆ ಕಪಾಟಿನಿಂದ ಯಾರಿಗೆ ಯಾವುದು ಎಂದು ಆರಿಸಿಕೊಡುವುದರಲ್ಲಿ ಅವನನ್ನು ಮೀರಿಸುವವರು ಮೂರು ಸಮುದ್ರದಾಚೆಗೂ ಇಲ್ಲ. ಹೋದ ತಿಂಗಳು ಹಲ್ಲಿನ ಡಾಕ್ಟರೊಬ್ಬರು ಬಂದು ದಪ್ಪನೆಯ ಬಣ್ಣದ ಪುಸ್ತಕಕ್ಕೆ ಕೈಹಾಕಿದರು.

"ಅದು ಬೇಡ ಡಾಕ್ಟ್ರೇ, ಅದು ಸೋಫಾ ಮೇಲೆ ಕೂತು ಬೆಟ್ಟ ಹತ್ತೋರಿಗೆ," ಎಂದ ಬೆಟ್ಟದಣ್ಣ. "ನಿಮ್ಮ ಮಂಡಿ ಹೇಗಿದೆ?"

"ಮಂಡಿನಾ? ಇಳಿಯೋವಾಗ ಸ್ವಲ್ಪ ಕಟಕಟ ಅನ್ನುತ್ತೆ."

"ಹಾಗಾದ್ರೆ ಇದು ತಗೊಳ್ಳಿ. ಇದನ್ನ ಬರೆದೋರಿಗೂ ಮಂಡಿನೋವು. ಇಳಿಜಾರು ಬಂದಲ್ಲೆಲ್ಲ ಮೊದಲೇ ಹೇಳಿಬಿಡ್ತಾರೆ. ಆ ನೀಲಿ ರಟ್ಟಿನ ಪುಸ್ತಕ ಬರೆದೋನು ಕಾಲಿಗೆ ಗಾಳಿ ಕಟ್ಟಿಕೊಂಡು ಓಡೋ ಆಸಾಮಿ. ಎರಡು ಗಂಟೆ ದಾರಿ ಅಂದ್ರೆ ನೀವು ನಾಲ್ಕು ಅಂದ್ಕೋಬೇಕು. ಇಲ್ಲಿ ನೋಡಿ, ನಕ್ಷೆ ಒಂದು ಪುಟ, ವಿವರ ಎದುರಿನ ಪುಟ. ಒಂದು ಕೈಯಲ್ಲಿ ಬಂಡೆ ಹಿಡ್ಕೊಂಡಿರೋವಾಗ ಪುಟ ತಿರುಗಿಸೋಕೆ ಹೋಗಿ ಕೆಳಗೆ ಬಿದ್ದೋರನ್ನ ನಾನೇ ಎಷ್ಟು ಜನನ್ನ ಎತ್ತಿಕೊಂಡು ಬಂದಿಲ್ಲ!"

"ಎಷ್ಟು ಜನನ್ನ?"

"ಲೆಕ್ಕ ಇಟ್ಟಿಲ್ಲ ಡಾಕ್ಟ್ರೇ. ಉಪಕಾರ ಮಾಡಿದ್ದನ್ನ ಎಣಿಸಬಾರದು."

ಅವನ ನಿಜವಾದ ಪರೀಕ್ಷೆ ಬೇರೆಯೇ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊಸ ಕೈಪಿಡಿ ಬಂದೊಡನೆ ಅದರಲ್ಲಿ ಅತ್ಯಂತ ಭಯದ ಜಾಗ ಯಾವುದೆಂದು ಹುಡುಕುತ್ತಿದ್ದ. ಎರಡೂ ಕಡೆ ಪ್ರಪಾತವಿರುವ ಕಿರುದಾರಿಯೋ, ಕಾಲಡಿಯಲ್ಲಿ ಗಾಳಿ ಬಿಟ್ಟು ಬೇರೇನೂ ಇಲ್ಲದ ಬಂಡೆಯ ಅಂಚೋ. ಕಪಾಟಿನ ಹಿಂದೆ ನಿಂತು, ಪುಟದ ಕೆಳಮೂಲೆಗೆ ಹೆಬ್ಬೆರಳೊತ್ತಿ, ಆ ಭಾಗವನ್ನು ನಿಧಾನವಾಗಿ ಓದುತ್ತಿದ್ದ. ಅಂಗೈ ಬೆವರಿದರೆ ಬರೆದವನು ಅಲ್ಲಿ ನಿಂತು ಬಂದವನು. ಬೆವರದಿದ್ದರೆ ಬೇರೆ ಪುಸ್ತಕ ನೋಡಿ ನಕಲು ಹೊಡೆದವನು. ಈ ಪರೀಕ್ಷೆ ಇದುವರೆಗೆ ಒಂದು ಸಲವೂ ತಪ್ಪಿರಲಿಲ್ಲ. ಏಕೆಂದರೆ ಎತ್ತರವೆಂಬುದಕ್ಕೆ ಬೆಟ್ಟದಣ್ಣನಷ್ಟು ಹೆದರುವ ಜೀವ ಇನ್ನೊಂದು ಹುಟ್ಟಿರಲಿಲ್ಲ. ಅಂಗಡಿಯ ಏಣಿಯ ನಾಲ್ಕನೇ ಮೆಟ್ಟಿಲಿಗೆ ಅವನ ಕಾಲು ತಂತಿಯಂತೆ ಕಂಪಿಸುತ್ತಿತ್ತು. ಮೇಲಿನ ಸಾಲಿನ ಪುಸ್ತಕ ಬೇಕೆಂದವರಿಗೆ, "ಮೇಲಿನವೆಲ್ಲ ಹಳೇವು, ಬೇಡ," ಎಂದುಬಿಡುತ್ತಿದ್ದ.

ಹೆದರಿಕೆ ಅಷ್ಟಿದ್ದರೆ ಆಸೆ ಅದರ ಹತ್ತರಷ್ಟು. ಸಂಜೆ ಅಂಗಡಿ ಮುಚ್ಚಿ ಬಸ್ ನಿಲ್ದಾಣಕ್ಕೆ ಬಂದರೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಊರಾಚೆಯ ಬೆಟ್ಟ ಬೆರಳಗಲದಷ್ಟು ಕಾಣುತ್ತಿತ್ತು. ಆ ಬೆಟ್ಟದ ದಾರಿಗಳೆಲ್ಲ ಅವನಿಗೆ ಬಾಯಿಪಾಠ. ಎಲ್ಲಿ ಬುಗ್ಗೆ, ಎಲ್ಲಿ ಕವಲು, ಎಲ್ಲಿ ಗಾಳಿ ಎಡದಿಂದ ಬಲಕ್ಕೆ ತಿರುಗುತ್ತದೆ, ಕಣ್ಣು ಮುಚ್ಚಿ ಹೇಳುತ್ತಿದ್ದ. ಕಣ್ಣು ತೆರೆದು ನೋಡಿದ್ದು ಮಾತ್ರ ಆ ಬೆರಳಗಲವನ್ನೇ. ಒಂದು ಬಸ್ಸು ಬಿಟ್ಟು ಇನ್ನೊಂದು ಬಸ್ಸಿಗೆ ಹತ್ತುತ್ತಿದ್ದ, ಒಮ್ಮೊಮ್ಮೆ ಮೂರನೆಯದಕ್ಕೆ. ಮನೆಯಲ್ಲಿ ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳುತ್ತಿದ್ದಳು: "ಇವತ್ತೂ ಬಸ್ಸು ತಪ್ಪಿತಾ ನಿಂಗೆ? ಆ ಬೂಟು ಯಾರಿಗಾದ್ರೂ ಕೊಟ್ಟುಬಿಡೋ. ಹದಿನೈದು ವರ್ಷದಿಂದ ಅದೂ ಕಾಯ್ತಾ ಇದೆ, ಪಾಪ."

ಬಂಡೆ ಹತ್ತುವುದನ್ನು ಕಲಿಸುವ ಮೇಷ್ಟ್ರಮ್ಮನದು ಇನ್ನೊಂದು ಕಾಟ. ಆಕೆಯ ಶಿಷ್ಯರೆಲ್ಲ ಪುಸ್ತಕಕ್ಕೆ ಇವನ ಬಳಿಗೇ ಬರುತ್ತಿದ್ದರು. ವರ್ಷಕ್ಕೊಂದು ಸಲ ಆಕೆಯೂ ಬಂದು, "ಈ ಸಲ ನಮ್ಮ ಜೊತೆ ಬನ್ನಿ ಬೆಟ್ಟದಣ್ಣ, ಹುಡುಗರಿಗೆ ನಾಲ್ಕು ಮಾತು ಹೇಳಿ," ಎನ್ನುತ್ತಿದ್ದಳು. ಒಂದು ವರ್ಷ ಅಕ್ಕನಿಗೆ ಕೆಮ್ಮು ಬರಿಸಿದ. ಇನ್ನೊಂದು ವರ್ಷ ತನ್ನ ಹಿಮ್ಮಡಿ ಉಳುಕಿಸಿದ. ಅಕ್ಕನಿಗೆ ಆ ಕೆಮ್ಮಿನ ವಿಷಯ ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ಆಕೆ ಬರಿಗೈಯಲ್ಲಿ ಬರಲಿಲ್ಲ. ಚೀಲದಿಂದ ಆರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಆರೂ ಇವನೇ ಆರಿಸಿಕೊಟ್ಟವು. ಒಂದೊಂದನ್ನೇ ತೆರೆದಳು. ಒಂದರಲ್ಲಿ ನಲವತ್ತನೇ ಪುಟ, ಇನ್ನೊಂದರಲ್ಲಿ ನೂರಾ ಎರಡನೆಯದು. ಪ್ರತಿಯೊಂದರಲ್ಲೂ ಕೆಳಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಾಗದ ಸುಕ್ಕುಗಟ್ಟಿತ್ತು.

"ನೆಲಮಾಳಿಗೆಯ ತೇವ ಇರಬೇಕು ಅಂದ್ಕೊಂಡೆ," ಎಂದಳು ಮೇಷ್ಟ್ರಮ್ಮ. "ಆದ್ರೆ ತೇವಕ್ಕೆ ಓದೋಕೆ ಬರಲ್ವಲ್ಲ ಬೆಟ್ಟದಣ್ಣ. ಇದು ಆರೂ ಪುಸ್ತಕದಲ್ಲಿ ನನ್ನ ಶಿಷ್ಯರು ಅಳೋ ಜಾಗಾನೇ ಹುಡುಕಿಕೊಂಡು ಹೋಗಿದೆ. ಇಪ್ಪತ್ತು ವರ್ಷದಿಂದ ಬೆವರಿದ ಕೈಗಳನ್ನ ನೋಡ್ತಿದ್ದೀನಿ ನಾನು."

ಬೆಟ್ಟದಣ್ಣ ಆರೂ ಪುಸ್ತಕಗಳನ್ನು ಪಟಪಟನೆ ಮುಚ್ಚಿದ. ಬಾಯಿ ಮಾತ್ರ ಮುಚ್ಚಲಿಲ್ಲ. "ಅದು ಬೆವರಲ್ಲ ಮೇಷ್ಟ್ರಮ್ಮ, ಮಂಜು! ಮಾರೋಕೆ ಮುಂಚೆ ಒಂದೊಂದನ್ನೂ ಆಯಾ ಜಾಗಕ್ಕೇ ತಗೊಂಡು ಹೋಗಿ, ಅಲ್ಲೇ ನಿಂತು ಓದಿ, ಸರಿಯಿದೆಯಾ ಅಂತ..."

ಆಕೆ ನಗಲೂ ಇಲ್ಲ, ಬೈಯಲೂ ಇಲ್ಲ. "ಭಾನುವಾರ ಏಳು ಗಂಟೆಗೆ ಬಸ್ಸು. ಈ ಸಲ ಯಾರಿಗೂ ಏನೂ ಹೇಳೋದು ಬೇಡ ನೀವು. ಒಂದು ಪುಸ್ತಕ ಆರಿಸಿಕೊಂಡು ಬನ್ನಿ, ಅಷ್ಟೇ. ನಿಮಗೆ ಅಂತ."

ಆಕೆ ಹೋದ ಮೇಲೆ ಅವನು ಕಪಾಟಿನ ಮುಂದೆ ನಿಂತ. ತನಗೆ ಅಂತ! ಹದಿನೈದು ವರ್ಷದಲ್ಲಿ ಊರಿನ ಎಲ್ಲರ ಮಂಡಿ, ಉಸಿರು, ಧೈರ್ಯ ಕೇಳಿ ತಿಳಿದವನು ತನ್ನದನ್ನು ಒಮ್ಮೆಯೂ ಕೇಳಿರಲಿಲ್ಲ. ಮಧ್ಯಾಹ್ನವಿಡೀ ತೆಗೆದ, ಇಟ್ಟ. ಕೈ ಬೆವರಿಸುವ ಒಳ್ಳೆಯ ಪುಸ್ತಕಗಳೆಲ್ಲ ಅವನನ್ನು ನೋಡಿ ನಕ್ಕಂತಾಯಿತು. ಕೊನೆಗೆ ಕೆಳಸಾಲಿನಿಂದ ತೆಳ್ಳಗಿನದೊಂದು ಬಂತು, ಕೈಗೂಸು ಇರುವವರಿಗಾಗಿ ಬರೆದದ್ದು. ಅದನ್ನು ಅವನು ಎಂದೂ ಪರೀಕ್ಷೆಗೆ ಒಡ್ಡಿರಲಿಲ್ಲ. ಮೊದಲ ಪುಟದಲ್ಲೇ ಊರಾಚೆಯ ಆ ಬೆಟ್ಟ. ಬೆಟ್ಟದ ಬುಡದ ಬಸ್ ನಿಲ್ದಾಣದಿಂದ ಕಲ್ಲುಬೆಂಚಿನವರೆಗೆ, ಅರ್ಧ ಗಂಟೆ. ಓದಿದ. ಅಂಗೈ ಒದ್ದೆಯಾಯಿತು.

ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳು ಮೆಟ್ಟಿಲಿಳಿದು ಬಂದು, ಮೊದಲ ಸಲ ಬೆಟ್ಟಕ್ಕೆ ಹೋಗುವವರಿಗೆ ಏನಾದರೂ ಇದೆಯಾ ಎಂದು ಕೇಳಿದಳು.

"ಮೊದಲ ಸಲವಾ? ಸರಿಯಾದ ಜಾಗಕ್ಕೇ ಬಂದಿದ್ದೀರಿ ತಾಯಿ. ನಿನ್ನೆ ತಾನೇ ತುದಿ ಮುಟ್ಟಿ ಬಂದೆ. ನೋಡಿ, ಬೂಟಲ್ಲಿ ಕೆಂಪು ಮಣ್ಣು!" ಮಣ್ಣಿದ್ದದ್ದು ನಿಜ. ಅದನ್ನು ತೊಳೆಯಲು ಹೋದ ಅಕ್ಕನ ಜೊತೆ ಅವನು ಜಗಳವಾಡಿದ್ದ. "ಗಾಳಿ ಎಂಥದ್ದು ಅಂತೀರಿ! ಮೇಷ್ಟ್ರಮ್ಮ ಹಾರಿಹೋಗ್ತಿದ್ರು. ನಾನು ಒಂದು ಕೈಯಲ್ಲಿ ಅವರನ್ನ, ಇನ್ನೊಂದು ಕೈಯಲ್ಲಿ..."

ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ಅಕ್ಕನಿಗೆ ಬರಿಸಿದ್ದಂಥದ್ದಲ್ಲ, ನಿಜವಾದ ಕೆಮ್ಮು. ಮೇಷ್ಟ್ರಮ್ಮ ಗೋಡೆಗೊರಗಿ ನಿಂತಿದ್ದಳು.

"ಇನ್ನೊಂದು ಕೈಯಲ್ಲಿ?" ಎಂದಳು.

ಬೆಟ್ಟದಣ್ಣ ಗುಮಾಸ್ತೆಯನ್ನು ನೋಡಿದ, ಬೂಟು ನೋಡಿಕೊಂಡ.

"ಇನ್ನೊಂದು ಕೈಯಲ್ಲಿ ಬೆಂಚು," ಎಂದ. "ಎರಡು ಕೈಯಲ್ಲೂ ಬೆಂಚೇ. ತುದಿಗೆ ಹೋಗಲಿಲ್ಲ ತಾಯಿ. ಕಲ್ಲುಬೆಂಚಿನ ತನಕ ಹೋದೆ. ಎಲ್ಲರೂ ಮೇಲೆ ಹೋದ್ರು, ನಾನು ಕೂತಿದ್ದೆ. ಆಮೇಲೆ ಬೆಂಚು ಬಿಟ್ಟು ಮುಂದಕ್ಕೆ ಹನ್ನೊಂದು ಹೆಜ್ಜೆ ಹಾಕಿದೆ."

"ಹನ್ನೊಂದಲ್ಲ, ಏಳು," ಎಂದಳು ಮೇಷ್ಟ್ರಮ್ಮ. "ಮೇಲಿಂದ ಕಾಣ್ತಿತ್ತು."

"ಏಳು. ನಿನ್ನೆಗೆ ಮುಂಚೆ ಯಾವತ್ತೂ ಬೆಟ್ಟದ ಮೇಲೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಮೋಡ, ಬಂಡೆ, ನಾನು ಎತ್ತಿಕೊಂಡು ಬಂದ ಜನ, ಯಾವುದೂ ಇಲ್ಲ. ನಂಗೆ ಏಣಿ ಹತ್ತೋಕೂ ಭಯ."

ಗುಮಾಸ್ತೆ ಮೇಜಿನ ಮೇಲಿದ್ದ ಆ ತೆಳ್ಳಗಿನ ಪುಸ್ತಕ ಎತ್ತಿಕೊಂಡು ಮೊದಲ ಪುಟ ತೆರೆದಳು. ಕೆಳಮೂಲೆಯಲ್ಲಿ ಸುಕ್ಕು ಇನ್ನೂ ಹೊಸದಾಗಿತ್ತು.

"ಆ ಬೆಂಚಿಂದ ಏನು ಕಾಣುತ್ತೆ ಅಣ್ಣ?"

"ದಾರಿ ಕಾಣುತ್ತೆ. ಮೊದಲ ತಿರುವಿನ ತನಕ. ತಿರುವಲ್ಲಿ ಒಂದು ಓರೆಯಾದ ಮರ, ಬಿಸಿಲು ಅದರ ಆ ಕಡೆಯಿಂದ ಬರುತ್ತೆ." ಅವನು ಕಿಟಕಿಯ ಕಡೆ ಕತ್ತೆತ್ತಿದ. ಸೋಮವಾರದ ಬೂಟುಗಳು ಹಾದುಹೋಗುತ್ತಿದ್ದವು. "ಆ ಕಡೆ ಬುಗ್ಗೆ ಇದೆ, ಆಮೇಲೆ ಹುಲ್ಲಿನ ಬಯಲು ಅಂತ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿದ್ದಾರೆ. ನಂಗೆ ಬಾಯಿಪಾಠ ಬರುತ್ತೆ, ಬೇಕಾದ್ರೆ ಹೇಳ್ತೀನಿ. ಆದ್ರೆ ತಾಯಿ, ನಾನು ನೋಡಿಲ್ಲ."