ಆಮೆನ್ ಸಿಗದ ಭಾನುವಾರ

ಆದೋನಿಯಲ್ಲಿ ಒಬ್ಬ ಪಾಸ್ಟರಯ್ಯನ ಬಾಯಿಯನ್ನು, ಅದೂ ತುಂಬಿದ ಚರ್ಚಿನಲ್ಲಿ, ಮುಚ್ಚಿಸಿದ ಗಂಡು ಯಾರು ಗೊತ್ತೇ ನಿಮಗೆ? ಕಾಲರ್ ಏರಿಸಿಕೊಂಡು ಹೇಳುತ್ತೇನೆ, ಕೇಳಿ. ಈ ಹರೀಶ! ಹಿಂದೆ ಡೋಲು, ಮುಂದೆ ಧೂಳು, ನಡುವೆ ನಾನು. ಸ್ಲೋ ಮೋಷನ್ ನೀವೇ ಹಾಕಿಕೊಳ್ಳಿ.

ನಮ್ಮ ಚರ್ಚಿನ ಸೌಂಡ್ ಇಂಜಿನಿಯರ್ ನಾನು. ಅಂದರೆ ಆಂಪ್ಲಿಫೈಯರ್ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವವನು. ಪಾಸ್ಟರನ್ನು ನಾವು ಅಯ್ಯಗಾರು ಅನ್ನುತ್ತೇವೆ. ಅವರು ಭಕ್ತಿಯಿಂದ ‘ಹಲ್ಲೆಲೂಯ’ ಅಂದಾಗ ಎಕೋ ತಿರುಗಿಸಿ ದೆವ್ವದ ಬಂಗಲೆಯ ಎಫೆಕ್ಟ್ ಕೊಡುವುದು ನನ್ನ ಹವ್ಯಾಸ. ಅಯ್ಯಗಾರು ಪ್ರಸಂಗ ಮಾಡುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಬೈಬಲನ್ನು ಮಾತ್ರ ತಾವು ಓದುವುದಿಲ್ಲ. ಅದಕ್ಕೆ ನನ್ನ ಸ್ವಂತ ಅಕ್ಕ ಶಿರೀಷಾ ಇದ್ದಾಳೆ. ಅವರು ಅಧ್ಯಾಯ ಹೇಳಿದರೆ ಸಾಕು, ಅಕ್ಕ ಹೆಂಗಸರ ಕಡೆ ಎದ್ದು ನಿಂತು ಎರಡನೇ ಮೈಕಿನಲ್ಲಿ ಓದುತ್ತಾಳೆ. ಅಯ್ಯಗಾರು ‘ಆಮೆನ್’ ಅನ್ನಬೇಕು, ಸಭೆ ತಿರುಗಿ ‘ಆಮೆನ್’ ಅನ್ನಬೇಕು, ಆಮೇಲೆ ಅವಳು ನಿಲ್ಲಿಸಬೇಕು. ಎರಡರಲ್ಲಿ ಒಂದು ಬರದಿದ್ದರೂ ಓದುತ್ತಲೇ ಇರಬೇಕು. ಈ ಪದ್ಧತಿ ಮಾಡಿದವರೂ ಅಯ್ಯಗಾರೇ.

ಅಕ್ಕ ಮತ್ತು ಕೌತಾಳಂನ ಮೌನಿಕಾ ಒಂದೇ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ, ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ಊರು ಗೆಳತಿಯರು ಅಂದಿತು, ನಾವೂ ಹಾಗೇ ಅಂದೆವು. ಕಳೆದ ತಿಂಗಳು ಅಯ್ಯಗಾರು ಅಕ್ಕನಿಗೆ ನಂದವರಂ ಕಡೆಯಿಂದ ಒಂದು ಗಂಡು ಹಿಡಿದು ತಂದರು. ಅಕ್ಕ ನೇರ ಹೇಳಿಬಿಟ್ಟಳು.

“ಅಯ್ಯಗಾರು, ನನ್ ಸಂಸಾರ ಆಗ್ಲೇ ನಡದೈತ್ರಿ. ಮೌನಿಕಾನ ಜೊತಿಗೆ.”

ಶನಿವಾರ ಸಭೆಯ ಹಿರಿಯ ಲಾಲಪ್ಪ ಮನೆಗೆ ಬಂದ. ನಮ್ಮ ಅವ್ವ ಪಂಪಮ್ಮ ಕೊಟ್ಟ ಚಹಾ ಕುಡಿಯುತ್ತಲೇ ತೀರ್ಪು ಕೊಟ್ಟ.

“ನಾಳೆ ನಿನ್ ಮಗಳು ಬೈಬಲ್ ಮ್ಯಾಲ ಕೈ ಇಟ್ಟು ಆ ಮೌನಿಕಾನ್ನ ಬಿಟ್ಟೀನಿ ಅಂತ ಹೇಳ್ಬೇಕು ಪಂಪಮ್ಮಾ. ಇಲ್ಲಂದ್ರ ಕೌತಾಳಂಗೆ ಫೋನ್ ಹೊಡಿತೀನಿ. ಆಕಿ ಅಣ್ಣಗೋಳು ಜೀಪ್ ತಗೊಂಡು ಬಂದು ಎಳ್ಕೊಂಡು ಹೋಗ್ತಾರ.”

“ಸಕ್ಕರಿ ಸಾಕೇನ್ರಿ?” ಅಂದಳು ಅವ್ವ. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯ ಚಹಾ, ನಮ್ಮ ಮನೆಯ ಕುರ್ಚಿ, ನಮ್ಮ ಅಕ್ಕನ ಬದುಕಿಗೇ ಬೆಂಕಿ!

ಓಡಿದೆ ಅಕ್ಕನ ಕೋಣೆಗೆ. “ಅಕ್ಕಾ, ಹೆದರಬ್ಯಾಡ. ಆಂಪ್ಲಿಫೈಯರ್ ಯಾರ ಕೈಯಾಗೈತಿ? ನಾ ಬಟನ್ ಒತ್ತಿದ್ರ ಊರಿಗೆ ಊರೇ ಮ್ಯೂಟ್!”

ಮೌನಿಕಾ ಹಲ್ಲಿನಲ್ಲಿ ದಾರ ಕಡಿಯುತ್ತಾ ನಕ್ಕಳು. “ಬಂದ್ನಪಾ ಹೀರೋ. ಮೊದ್ಲು ಈ ಬ್ಲೌಸಿಗೆ ಹುಕ್ಕು ಹಾಕು.”

ಅಕ್ಕ ನಗಲಿಲ್ಲ. “ಇಕಿನ್ನ ಕರ್ಕೊಂಡು ಹೋದ್ರ ನಾ ಏನ್ ಮಾಡ್ಲಿ ಹರ್ಯಾ?” ಅಂದಳು.

ಭಾನುವಾರ. ಮೌನಿಕಾ ಹಿಂದೆ ಬಾಗಿಲ ಹತ್ತಿರ ಕೂತಿದ್ದಳು. ಅಯ್ಯಗಾರು ಗಂಟಲು ಸರಿಮಾಡಿಕೊಂಡರು. “ಪೌಲನು ರೋಮಿನವರಿಗೆ ಬರೆದ ಪತ್ರಿಕೆ. ಮೊದಲ ಅಧ್ಯಾಯ, ಇಪ್ಪತ್ತಾರು. ಓದಮ್ಮಾ ಶಿರೀಷಾ.”

ಸ್ವಭಾವ ಬಿಟ್ಟು ನಡೆದ ಹೆಂಗಸರನ್ನು ಹಳಿಯುವ ವಾಕ್ಯ ಅದು. ಅವಳ ಬಾಯಿಂದಲೇ ಅವಳನ್ನು ಬೈಯಿಸುವ ಪ್ಲಾನು! ಸಿನಿಮಾದ ವಿಲನ್‌ಗಾದರೂ ಒಂದು ಮರ್ಯಾದೆ ಇರುತ್ತದೆ ರೀ. ಬೈಯಬೇಕಾದರೆ ತಾನೇ ಬೈಯುತ್ತಾನೆ, ಹೀರೋಯಿನ್ ಕೈಗೆ ಸ್ಕ್ರಿಪ್ಟ್ ಕೊಡುವುದಿಲ್ಲ.

ಅಕ್ಕ ಓದಿದಳು. ಅಯ್ಯಗಾರು ಅಲ್ಲೇ ಆಮೆನ್ ಅನ್ನಬೇಕಿತ್ತು. ಅನ್ನಲಿಲ್ಲ. ಕೈಕಟ್ಟಿ ನಿಂತು ಅವಳು ಅಳುವುದನ್ನೇ ಕಾದರು. ಅವಳು ಅಳಲಿಲ್ಲ. ಪದ್ಧತಿ ಪದ್ಧತಿಯೇ ಅಲ್ಲವೇ, ಮುಂದಕ್ಕೆ ಓದಿದಳು. ಮುಂದಿನ ವಾಕ್ಯ ಗಂಡಸರದು. ಅದರ ಮುಂದೆ ಶುರುವಾಯಿತು ನೋಡಿ ಪಟ್ಟಿ. ಹೊಟ್ಟೆಕಿಚ್ಚಿನವರು, ಜಗಳಗಂಟರು, ಮೋಸಗಾರರು. ಚಾಡಿ ಹೇಳುವವರು ಅಂದಾಗ ಮುಂದಿನ ಸಾಲಿನ ಹೆಂಗಸರು ಸೆರಗು ಸರಿಮಾಡಿಕೊಂಡರು. ಬಡಾಯಿಕೋರರು ಅಂದಾಗ ಅಕ್ಕ ತಲೆಯೆತ್ತಿ ನನ್ನನ್ನೇ ನೋಡಿದಳು. ಕರುಣೆ ಇಲ್ಲದವರು ಅಂದಾಗ ಲಾಲಪ್ಪನನ್ನು.

“ಆಮೆನ್!” ಅಂದರು ಅಯ್ಯಗಾರು, ಅವಸರ ಅವಸರವಾಗಿ.

ಸಭೆಯಲ್ಲಿ ಒಬ್ಬರೂ ತಿರುಗಿ ಆಮೆನ್ ಅನ್ನಲಿಲ್ಲ. ಅವ್ವನ ದನಿ ಮಾತ್ರ ಬಂತು.

“ಓದ್ಲಿ ಬಿಡ್ರಿ ಅಯ್ಯಗಾರು. ಈಗ ನಮ್ದೆಲ್ಲಾರ್ದೂ ಬರಾಕತ್ತೈತಿ.”

ಲಾಲಪ್ಪ ನನ್ನ ಕಡೆ ಬಗ್ಗಿ ಹಲ್ಲು ಕಡಿದ. “ಲೇ ಹರ್ಯಾ, ಆಕಿ ಮೈಕ್ ಬಂದ್ ಮಾಡಲೇ!”

ನಾನು ಎದ್ದೆ. ಕುರ್ಚಿ ಹಿಂದಕ್ಕೆ ಹಾರಿತು. “ಲಾಲಪ್ಪ ಮಾಮಾ! ಬಂದ್ ಆಗೋದು ಮೈಕ್ ಅಲ್ಲ, ನಿನ್ ದರ್ಬಾರು!” ಚರ್ಚಿಗೆ ಚರ್ಚೇ ಸಿಳ್ಳೆ ಹೊಡೆಯಿತು. ಲಾಲಪ್ಪ ಬೆವರು ಒರೆಸಿಕೊಂಡ.

ಅಕ್ಕ ಹಾಳೆ ತಿರುಗಿಸಿ ಎರಡನೇ ಅಧ್ಯಾಯದ ಮೊದಲ ವಾಕ್ಯ ಓದಿದಳು. ಇನ್ನೊಬ್ಬರಿಗೆ ತೀರ್ಪು ಕೊಡುವವನೇ, ನೀನು ಯಾರಾದರೂ ಸರಿ, ನಿನಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ನೀನು ಮಾಡುವುದೂ ಅದನ್ನೇ ಎಂಬ ಅರ್ಥದ ವಾಕ್ಯ. ಇಷ್ಟು ವರ್ಷ ಅಯ್ಯಗಾರು ಇದರ ಒಂದು ಹಾಳೆ ಹಿಂದೆಯೇ ನಿಲ್ಲಿಸುತ್ತಿದ್ದರು. ಯಾಕೆ ಅಂತ ಈಗ ಗೊತ್ತಾಯಿತು.

ಆಮೇಲೆ ಅವಳು ಬೈಬಲನ್ನು ಮೇಜಿನ ಮೇಲೆ ಇಟ್ಟಳು. “ಕೈ ಇಡ್ತೀನ್ರಿ. ಈ ಪಟ್ಟಿಯಾಗ ಇಲ್ಲದವ್ರು ಯಾರರ ಇದ್ರ ಮುಂದ ಬಂದು ಪ್ರಮಾಣ ಮಾಡಸ್ರಿ. ಮೌನಿಕಾನ್ನ ಮಾತ್ರ ನಾ ಬಿಡಂಗಿಲ್ಲ.”

ಯಾರೂ ಬರಲಿಲ್ಲ. ಲಾಲಪ್ಪ ಜೇಬಿನಿಂದ ಫೋನ್ ತೆಗೆದ. ಅವ್ವ ಎದ್ದು ನಿಂತಳು.

“ಹೊಡಿ ಲಾಲಪ್ಪಾ, ಫೋನ್ ಹೊಡಿ. ಜೀಪ್ ಬಂತಂದ್ರ ನಿಮ್ಮನಿ ಬಾಗಲ್ದಾಗ ನಿಂತು ಇದನ್ನ ಮತ್ತ ಓದಸ್ತೀನಿ. ಚಾಡಿಯಿಂದ ಶುರು ಮಾಡಿ.”

ಫೋನ್ ಜೇಬಿಗೆ ವಾಪಸ್ ಹೋಯಿತು. ಅಯ್ಯಗಾರು ಕಣ್ಣು ಮುಚ್ಚಿ ಪ್ರಾರ್ಥನೆಯಂತೆ ತುಟಿ ಆಡಿಸಿದರು, ದನಿ ಬರಲಿಲ್ಲ. ಅಕ್ಕ ಬಾಗಿಲವರೆಗೆ ನಡೆದುಹೋಗಿ ಮೌನಿಕಾಳ ಕೈ ಹಿಡಿದಳು. ಇಬ್ಬರೂ ಒಂದೇ ಸ್ಕೂಟಿಯಲ್ಲಿ ಮನೆಗೆ ಹೋದರು. ಜೀಪ್ ಇವತ್ತಿನವರೆಗೂ ಬಂದಿಲ್ಲ.

ಹೇಗಿತ್ತು ನನ್ನ ಎಂಟ್ರಿ?

ಸರಿ. ಅಕ್ಕ ಆ ಪಟ್ಟಿ ಓದುವಾಗ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತಿದೆ, ಅದಕ್ಕೇ ಹೇಳುತ್ತೇನೆ. ನಾನು ಏಳಲೇ ಇಲ್ಲ. ಡೈಲಾಗೂ ಇಲ್ಲ, ಸಿಳ್ಳೆಯೂ ಇಲ್ಲ. ಲಾಲಪ್ಪ ‘ಬಂದ್ ಮಾಡಲೇ’ ಅಂದ ಕೂಡಲೇ ನನ್ನ ಬೆರಳು ಹೋಗಿ ಸ್ವಿಚ್ ಒತ್ತಿತು. ನನ್ನ ಅಕ್ಕನ ಮೈಕನ್ನು ನಾನೇ ಸಾಯಿಸಿದೆ. ಅವಳು ಸತ್ತ ಮೈಕನ್ನು ಒಮ್ಮೆ ನೋಡಿ ಕೆಳಗಿಟ್ಟು, ಬರೀ ಗಂಟಲಲ್ಲೇ ಓದಿದಳು. ಹೆಂಗಸರಲ್ಲಿ ಯಾರೋ ಫ್ಯಾನ್ ನಿಲ್ಲಿಸಿದರು. ಗಂಡಸರು ಚಾಪೆಯ ಮೇಲೆ ಮುಂದಕ್ಕೆ ಸರಿದು ಕಿವಿಗೊಟ್ಟರು. ಅಯ್ಯಗಾರ ಬಾಯಿ ಮುಚ್ಚಿದ್ದು ಆಗ.

ಸಂಜೆ ಅಕ್ಕನ ಕೋಣೆಗೆ ಹೋದೆ. ಮೌನಿಕಾ ಹುಕ್ಕು ಹಾಕಲು ಒಂದು ಬ್ಲೌಸ್ ನನ್ನ ಮಡಿಲಿಗೆ ಎಸೆದಳು. ಅಕ್ಕ ಮಷೀನ್ ತುಳಿಯುತ್ತಾ ಕೇಳಿದಳು, “ಮೈಕ್ ಕೈ ಕೊಡ್ತಲ್ಲೋ ಹರ್ಯಾ?”

“ಇಲ್ಲಕ್ಕಾ. ನಾನ ಬಂದ್ ಮಾಡ್ದೆ.”

ಮಷೀನ್ ನಿಂತಿತು. ಆ ದಿನ ನಾನು ನಿಜವಾಗಿ ಹೇಳಿದ ಡೈಲಾಗ್ ಅದೊಂದೇ.